ಕುಸ್ವಾರ್ ಡಬ್ಬಿ: ಪಟ್ಟಿಯಿಂದ ಪಕ್ಕದ ಮನೆಯವರೆಗೆ

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಎಣ್ಣೆ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕೀಸ್, ಅಕ್ಕಿ ಲಾಡು ಎಲ್ಲ ಸೇರಿದರೆ ಅದು ಕ್ರಿಸ್ಮಸ್‌ನ ಕುಸ್ವಾರ್. ಮನೆಯವರಿಗಷ್ಟೇ ಮಾಡಿಕೊಳ್ಳುವ ತಿಂಡಿಯಲ್ಲ ಇದು. ಮೊದಲು ಕಸೂತಿ ಬಟ್ಟೆ ಹೊದಿಸಿದ ತಟ್ಟೆಯಲ್ಲಿ, ಈಗ ಡಬ್ಬಿಯಲ್ಲಿ, ನೆರೆಮನೆಗೂ ನೆಂಟರಿಗೂ ಹೋಗುತ್ತದೆ. ಗೋವಾದಲ್ಲಿ ಕೊನ್ಸುವಾದ್ ಎಂಬ ಹೆಸರಿನಲ್ಲಿ ಇದೇ ಪದ್ಧತಿ ಇದೆ. ಗೋವಾದಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಕುಟುಂಬಗಳು ಅದನ್ನು ಕರಾವಳಿಯ ಅಕ್ಕಿ, ತೆಂಗು, ಬೆಲ್ಲಕ್ಕೆ ಹೊಂದಿಸಿಕೊಂಡವು. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗೇರು ಇಲ್ಲಿ ಬೇರೂರಿತು. ಯುರೋಪಿನಲ್ಲಿ ಬಾದಾಮಿಯಿಂದ ಮಾಡುವ ಮ್ಯಾಕರೂನ್‌ಗೆ ಮಂಗಳೂರಿನಲ್ಲಿ ಗೋಡಂಬಿ ಬೀಳುವುದು ಅದರಿಂದಲೇ.

ಕುಸ್ವಾರ್ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ರೆಸಿಪಿ ಹುಡುಕುತ್ತಾರೆ. ಅದಕ್ಕಿಂತ ಮೊದಲು ಬೇಕಾದದ್ದು ಹೆಸರುಗಳ ಪಟ್ಟಿ. ಯಾರಿಗೆ ಕೊಡುತ್ತೀರಿ ಎಂಬುದು ಗೊತ್ತಾದರೆ ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಮಾಡಬೇಕು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

1. ಮೊದಲು ಪಟ್ಟಿ ಬರೆಯಿರಿ

ಒಂದು ನೋಟ್‌ಬುಕ್‌ನಲ್ಲಿ ಮನೆಗಳ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಗುರುತಿಸಿ: ಮನೆಯಲ್ಲಿ ಎಷ್ಟು ಜನ, ಮೊಟ್ಟೆ ತಿನ್ನುತ್ತಾರೋ ಇಲ್ಲವೋ, ಗೋಡಂಬಿ, ಎಳ್ಳು ಅಥವಾ ಮೈದಾ ಆಗದವರು ಯಾರಾದರೂ ಇದ್ದಾರೋ, ಡಬ್ಬಿ ಕೈಯಲ್ಲಿ ಕೊಡುವುದೋ ಪಾರ್ಸೆಲ್ ಕಳಿಸುವುದೋ.

ಮೊಟ್ಟೆಯ ವಿಷಯವನ್ನು ಹಗುರವಾಗಿ ನೋಡಬೇಡಿ. ದೀಪಾವಳಿಗೆ ನಿಮ್ಮ ಮನೆಗೆ ಹೋಳಿಗೆಯನ್ನೋ ಚಕ್ಕುಲಿಯನ್ನೋ ಕಳಿಸುವ ಮನೆಗಳಲ್ಲಿ ಹಲವು ಶುದ್ಧ ಸಸ್ಯಾಹಾರಿ. ಅವರಿಗೆ ನೆವ್ರಿ, ತುಕ್ಡಿ, ಚಕ್ಕುಲಿ, ಅಕ್ಕಿ ಲಾಡು ಮತ್ತು ಮೊಟ್ಟೆಯಿಲ್ಲದ ಕಿಡಿಯೊ ಸಾಕು, ಡಬ್ಬಿ ತುಂಬುತ್ತದೆ. ರೋಸ್ ಕುಕೀಸ್ ಮತ್ತು ಮ್ಯಾಕರೂನ್ ಬಿಡಿ. ಮ್ಯಾಕರೂನ್ ನಿಲ್ಲುವುದೇ ಮೊಟ್ಟೆಯ ಬಿಳಿಭಾಗದ ಮೇಲೆ. ಹಲ್ಲಿಲ್ಲದ ಅಜ್ಜ ಅಜ್ಜಿಯರಿರುವ ಮನೆಗೆ ಚಕ್ಕುಲಿ ಕಡಿಮೆ ಮಾಡಿ ಮೆತ್ತನೆಯ ಹಲ್ವದಂಥ ದೊದೊಲ್ ಅಥವಾ ರವೆ, ತೆಂಗಿನಕಾಯಿಯ ಬಾತ್ ಕೇಕಿನ ತುಂಡು ಇಡಿ. ಸಕ್ಕರೆ ಕಾಯಿಲೆಯವರಿಗೆ ಖಾರದ ತುಕ್ಡಿ, ಚಕ್ಕುಲಿಯೇ ಹೆಚ್ಚಿರಲಿ.

ಆ ವರ್ಷ ಸಾವಾದ ಮನೆಗಳನ್ನೂ ಪಟ್ಟಿಯಲ್ಲಿ ಗುರುತಿಸಿ. ದುಃಖದಲ್ಲಿರುವವರು ಹಬ್ಬದ ತಿಂಡಿ ಕರಿಯಲು ಕೂರುವುದಿಲ್ಲ. ಅಂಥ ಮನೆಗೆ ಡಬ್ಬಿ ತಪ್ಪಬಾರದು. ರಂಗುರಂಗಿನ ಕಾಗದ, ರಿಬ್ಬನ್ ಬೇಡ. ಮಕ್ಕಳ ಕೈಲಿ ಕಳಿಸದೆ ನೀವೇ ಹೋಗಿ ಕೊಟ್ಟು, ಒಂದು ಗಳಿಗೆ ಕೂತು ಬನ್ನಿ.

2. ಲೆಕ್ಕ ಹಾಕಿ

ನಾಲ್ಕು ಜನರ ಮನೆಗೆ ಅರ್ಧ ಕೆಜಿಯ ಡಬ್ಬಿ ಧಾರಾಳ. ಅದರಲ್ಲಿ ಹೀಗೆ ತುಂಬಬಹುದು:

- ನೆವ್ರಿ: 4
- ಕಿಡಿಯೊ: 100 ಗ್ರಾಂ
- ತುಕ್ಡಿ: 75 ಗ್ರಾಂ
- ಚಕ್ಕುಲಿ: 4
- ರೋಸ್ ಕುಕೀಸ್: 3
- ಅಕ್ಕಿ ಲಾಡು: 2
- ಗುಳಿಯೊ: 50 ಗ್ರಾಂ

ಹತ್ತು ಮನೆಗಾದರೆ 40 ನೆವ್ರಿ, 1 ಕೆಜಿ ಕಿಡಿಯೊ, 750 ಗ್ರಾಂ ತುಕ್ಡಿ, 40 ಚಕ್ಕುಲಿ, 30 ರೋಸ್ ಕುಕೀಸ್, 20 ಲಾಡು, ಅರ್ಧ ಕೆಜಿ ಗುಳಿಯೊ. ಮನೆಗೆ ಬರುವ ಅತಿಥಿಗಳಿಗೆ, ಮುರಿದು ಹೋಗುವುದಕ್ಕೆ, ಕದ್ದು ತಿನ್ನುವ ಮಕ್ಕಳಿಗೆ ಎಂದು ಇದರ ಮೇಲೆ ಮೂರರಲ್ಲಿ ಒಂದು ಪಾಲು ಸೇರಿಸಿ. ಮೊದಲ ಸಲ ಮಾಡುವವರು ಏಳು ಬಗೆಗೂ ಕೈ ಹಾಕಬೇಕಿಲ್ಲ. ನೆವ್ರಿ, ಕಿಡಿಯೊ, ಚಕ್ಕುಲಿ ಮೂರೇ ಇದ್ದರೂ ಅದು ಕುಸ್ವಾರೇ.

3. ವಾರಗಳನ್ನು ಹಂಚಿಕೊಳ್ಳಿ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲ ಆಗಮನಕಾಲ. ಅದರ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಅಲ್ಲಿಂದಲೇ ಎಣಿಸಿಕೊಂಡರೆ ಕೆಲಸ ಸಲೀಸು. ಹೆಚ್ಚು ದಿನ ಬಾಳುವುದನ್ನು ಮೊದಲು, ಬೇಗ ಕೆಡುವುದನ್ನು ಕೊನೆಗೆ ಮಾಡುವುದೇ ಇಲ್ಲಿಯ ನಿಯಮ.

ಮೊದಲ ವಾರ: ಪಟ್ಟಿ, ದಿನಸಿ, ಡಬ್ಬಿ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಹಿಟ್ಟು ಮಾಡಿಸಿ. ಪ್ಲಮ್ ಕೇಕ್ ಮಾಡುವುದಾದರೆ ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ ಹೆಚ್ಚಿ ರಮ್‌ನಲ್ಲಿ ನೆನೆಹಾಕಿ. ರಮ್ ಬೇಡದವರು ಕಿತ್ತಳೆ ರಸದಲ್ಲಿ ನೆನೆಸಬಹುದು, ಆದರೆ ಅದನ್ನು ಕೇಕ್ ಬೇಯಿಸುವ ಹಿಂದಿನ ರಾತ್ರಿ ಮಾಡಿ. ವಾರಗಟ್ಟಲೆ ಇಟ್ಟರೆ ಹುಳಿಯುತ್ತದೆ.

ಎರಡನೇ ವಾರ: ತುಕ್ಡಿ, ಕಿಡಿಯೊ. ತುಕ್ಡಿ ಎಂದರೆ ನಮ್ಮ ಶಂಕರಪೋಳಿಯ ಬಳಗ. ಎರಡೂ ಗಾಳಿಯಾಡದ ಡಬ್ಬದಲ್ಲಿ ಹಬ್ಬ ಕಳೆಯುವವರೆಗೆ ಗರಿಯಾಗಿಯೇ ಇರುತ್ತವೆ.

ಮೂರನೇ ವಾರ: ಚಕ್ಕುಲಿ, ರೋಸ್ ಕುಕೀಸ್, ಗುಳಿಯೊ, ಅಕ್ಕಿ ಲಾಡು. ಲಾಡುವಿಗೆ ಕುಚ್ಚಲಕ್ಕಿಯನ್ನು ಅರಳುವ ತನಕ ಹುರಿದು ಪುಡಿ ಮಾಡಿ ಬೆಲ್ಲದೊಂದಿಗೆ ಕಟ್ಟುತ್ತಾರೆ. ಪೇರಳೆ ಸಿಕ್ಕರೆ ಅದರ ಹಲ್ವವಾದ ಪೆರಾದ್ ಕೂಡ ಈ ವಾರವೇ ಆಗಲಿ.

ಕೊನೆಯ ವಾರ: ನೆವ್ರಿ, ಬಾತ್ ಕೇಕ್, ದೊದೊಲ್. ನೆವ್ರಿ ನೋಡಲು ಕರ್ಜಿಕಾಯಿಯಂತೆಯೇ. ಹೊರಗೆ ಮೈದಾ, ಚಿರೋಟಿ ರವೆ; ಒಳಗೆ ಕಾಯಿ, ಎಳ್ಳು, ಸಕ್ಕರೆ, ಗೋಡಂಬಿ, ದ್ರಾಕ್ಷಿ, ಏಲಕ್ಕಿ. ಹಸಿ ಕಾಯಿಯನ್ನು ಎಷ್ಟು ಹುರಿದರೂ ನಾಲ್ಕೈದು ದಿನಕ್ಕಿಂತ ಹೆಚ್ಚು ನಂಬಬೇಡಿ. ಪಾರ್ಸೆಲ್ ಹೋಗುವ ನೆವ್ರಿಗೆ ಒಣಕೊಬ್ಬರಿಯೇ ಸರಿ; ಅದನ್ನೂ ಪಾರ್ಸೆಲ್‌ನ ಲಾಡುವನ್ನೂ ಎರಡನೇ ವಾರವೇ ಮಾಡಿಡಿ.

ಹಳೆಯ ಮನೆಗಳಲ್ಲಿ ಇನ್ನೊಂದು ಕಟ್ಟುಪಾಡು ಇತ್ತು. ಆಗಮನಕಾಲ ಸಂಯಮದ ಕಾಲವಾದ್ದರಿಂದ 24ರ ರಾತ್ರಿಯ ಪೂಜೆ ಮುಗಿಯುವವರೆಗೆ ಕುಸ್ವಾರ್ ಡಬ್ಬದ ಮುಚ್ಚಳ ಮಕ್ಕಳಿಗೆ ತೆರೆಯುವಂತಿರಲಿಲ್ಲ. ಇಂದು ಅಷ್ಟು ಬಿಗಿ ಇಲ್ಲದಿದ್ದರೂ, ಕೊಡುವ ಡಬ್ಬಿಗಳ ಪಾಲನ್ನು ಬೇರೆ ತೆಗೆದಿಟ್ಟು ಹೆಸರು ಅಂಟಿಸುವುದು ಒಳ್ಳೆಯದು.

4. ಕಿಡಿಯೊ ಮಾಡುವುದು ಹೀಗೆ

ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಾಡಲು ಇದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕಲ್‌ಕಲ್ ಎನ್ನುವುದೂ ಇದನ್ನೇ.

ಬೇಕಾದದ್ದು: ಮೈದಾ 500 ಗ್ರಾಂ, ದಪ್ಪ ತೆಂಗಿನ ಹಾಲು ಸುಮಾರು ಒಂದು ಲೋಟ, ತುಪ್ಪ 2 ದೊಡ್ಡ ಚಮಚ, ಸಕ್ಕರೆ 2 ಚಮಚ, ಚಿಟಿಕೆ ಉಪ್ಪು, ಕರಿಯಲು ಎಣ್ಣೆ. ಪಾಕಕ್ಕೆ ಸಕ್ಕರೆ 250 ಗ್ರಾಂ, ನೀರು ಅರ್ಧ ಲೋಟ.

- ಮೈದಾಕ್ಕೆ ಉಪ್ಪು, ಸಕ್ಕರೆ ಬೆರೆಸಿ ಬಿಸಿ ತುಪ್ಪ ಸುರಿದು ಬೆರಳಲ್ಲಿ ಉಜ್ಜಿ. ಹಿಡಿಯಲ್ಲಿ ಅದುಮಿದರೆ ಹಿಟ್ಟು ಮುದ್ದೆಯಾಗಿ ನಿಲ್ಲಬೇಕು.
- ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಪೂರಿ ಹಿಟ್ಟಿನ ಹದಕ್ಕೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.
- ಕಡಲೆಕಾಳಿಗಿಂತ ತುಸು ದೊಡ್ಡ ಉಂಡೆ ಮಾಡಿ. ಹೊಸ ಬಾಚಣಿಗೆ ಅಥವಾ ಫೋರ್ಕಿನ ಬೆನ್ನಿಗೆ ಎಣ್ಣೆ ಸವರಿ, ಉಂಡೆಯನ್ನು ಅದರ ಮೇಲೆ ಹೆಬ್ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತಿ. ಅಂಚು ಚೆನ್ನಾಗಿ ಅಂಟಲಿ, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ.
- ಮಧ್ಯಮ ಉರಿಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಹಸಿ ಉಳಿದದ್ದು ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ.
- ಪೂರ್ತಿ ಆರಿದ ಮೇಲೆ ಸಕ್ಕರೆಯನ್ನು ಎರಡೆಳೆ ಪಾಕಕ್ಕೆ ತಂದು, ಒಲೆ ಆರಿಸಿ, ಕಿಡಿಯೊ ಸುರಿದು ಬಿಡದೆ ಮಗುಚಿ. ಪಾಕ ಬೆಳ್ಳಗೆ ಗಟ್ಟಿಯಾಗಿ ಮೈಗೆ ಹತ್ತುತ್ತದೆ.

ಇಷ್ಟರಲ್ಲಿ ಸುಮಾರು ಒಂದು ಕೆಜಿ ಆಗುತ್ತದೆ. ಬೇಕೆನ್ನುವವರು ಕಲಸುವಾಗ ಒಂದು ಮೊಟ್ಟೆ ಸೇರಿಸಿ ಅಷ್ಟು ತೆಂಗಿನ ಹಾಲು ಕಡಿಮೆ ಮಾಡಬಹುದು.

5. ಕರಿಯುವ ಸರದಿ ತಪ್ಪಿಸಬೇಡಿ

ಒಂದೇ ದಿನ ಹಲವು ಬಗೆ ಕರಿಯುವುದಾದರೆ ಹೊಸ ಎಣ್ಣೆಯಲ್ಲಿ ಮೊದಲು ಮೊಟ್ಟೆಯಿಲ್ಲದ ಸಿಹಿ, ಆಮೇಲೆ ಮೊಟ್ಟೆ ಹಾಕಿದ್ದು. ಚಕ್ಕುಲಿ, ಖಾರದ ತುಕ್ಡಿಗೆ ಬೇರೆ ಎಣ್ಣೆ ಇರಲಿ. ಒಂದೇ ಎಣ್ಣೆಯಾದರೆ ಜೀರಿಗೆ, ಓಮದ ವಾಸನೆ ಸಿಹಿಗೆ ಹತ್ತುತ್ತದೆ, ಸಸ್ಯಾಹಾರಿ ಮನೆಗೆ ಕೊಡುವ ಮಾತೂ ಉಳಿಯುವುದಿಲ್ಲ. ನೆವ್ರಿಯ ಹೂರಣ ಒಡೆದು ಎಣ್ಣೆಗೆ ಬಿದ್ದರೆ ಆಗಲೇ ಸೋಸಿ, ಸಕ್ಕರೆ ಕರಕಲಾಗಿ ಮುಂದಿನದಕ್ಕೆಲ್ಲ ಅಂಟುತ್ತದೆ.

ಗುಳಿಯೊ ಕರಿಯುವಾಗ ಮಕ್ಕಳು ಒಲೆಯ ಹತ್ತಿರ ಬೇಡ. ಅಕ್ಕಿ ಹಿಟ್ಟಿನ ಉಂಡೆಯೊಳಗೆ ತೇವ ಸಿಕ್ಕಿಕೊಂಡರೆ ಆವಿ ಹೊರಬರಲು ದಾರಿಯಿಲ್ಲದೆ ಎಣ್ಣೆಯಲ್ಲೇ ಸಿಡಿಯುತ್ತದೆ. ಹಿಟ್ಟನ್ನು ಜರಡಿ ಹಿಡಿಯಿರಿ, ಉಂಡೆಯನ್ನು ತೀರಾ ಬಿಗಿಯಾಗಿ ಕಟ್ಟಬೇಡಿ, ಒಂದು ಉಂಡೆಯನ್ನು ಪರೀಕ್ಷೆಗೆ ಹಾಕಿ ನೋಡಿದ ಮೇಲೆ ಉಳಿದದ್ದನ್ನು ಬಿಡಿ.

ರೋಸ್ ಕುಕೀಸ್ ಅಚ್ಚಿಗೆ ಅಂಟಿಕೊಂಡರೆ ಅಚ್ಚು ಸಾಕಷ್ಟು ಕಾದಿಲ್ಲ ಎಂದರ್ಥ. ಎಣ್ಣೆ ಕಾಯುವಾಗಲೇ ಅಚ್ಚನ್ನು ಅದರಲ್ಲಿ ಮುಳುಗಿಸಿಡಿ. ಹಿಟ್ಟಿಗೆ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಿನ ಅಂಚು ಮುಚ್ಚಿಹೋದರೆ ಹೂವು ಬಿಡಿಸಿಕೊಳ್ಳುವುದಿಲ್ಲ.

6. ಡಬ್ಬಿ ಕಟ್ಟುವುದು

ಕರಾವಳಿಯ ತೇವದ ಗಾಳಿಯೇ ಕುಸ್ವಾರ್‌ನ ಶತ್ರು. ಕರಿದದ್ದು ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಳ ಹಾಕಬೇಡಿ. ಒಳಗೆ ಬೆವರಿ ಎಲ್ಲ ಮೆತ್ತಗಾಗುತ್ತದೆ. ಹಾಗೆಂದು ರಾತ್ರಿಯಿಡೀ ತೆರೆದಿಡಲೂ ಬೇಡಿ. ಮ್ಯಾಕರೂನ್ ಆರಿದ ಕೂಡಲೇ ಡಬ್ಬ ಸೇರಬೇಕು.

ತಳಕ್ಕೆ ಬಟರ್ ಪೇಪರ್ ಹಾಸಿ. ಭಾರದ ಲಾಡು, ಗುಳಿಯೊ ಕೆಳಗೆ. ಕಿಡಿಯೊ, ತುಕ್ಡಿ ಸಣ್ಣ ಕಾಗದದ ಪೊಟ್ಟಣದಲ್ಲಿ ನಡುವೆ. ನೆವ್ರಿ ಅದರ ಮೇಲೆ. ಮುಟ್ಟಿದರೆ ಮುರಿಯುವ ರೋಸ್ ಕುಕೀಸ್ ಎಲ್ಲಕ್ಕಿಂತ ಮೇಲೆ. ಚಕ್ಕುಲಿ ಬೇರೆ ಪೊಟ್ಟಣದಲ್ಲಿರಲಿ. ಕೇಕ್, ದೊದೊಲ್, ಪೆರಾದ್‌ಗಳಲ್ಲಿ ತೇವವಿರುವುದರಿಂದ ಅವನ್ನು ಗರಿಗರಿ ತಿಂಡಿಯ ಜೊತೆ ಎಂದೂ ಇಡಬೇಡಿ.

ಪಕ್ಕದ ಮನೆಗಾದರೆ ಸ್ಟೀಲ್ ಡಬ್ಬಿಯೇ ಚೆನ್ನ, ಅದು ತಿರುಗಿ ಬರುತ್ತದೆ. ನಮ್ಮ ಅಡಿಕೆ ಹಾಳೆಯ ತಟ್ಟೆಗೆ ಬಟರ್ ಪೇಪರ್ ಹಾಸಿ ಮೇಲೆ ಬಟ್ಟೆ ಹೊದಿಸಿದರೂ ಅಂದ. ಮುಚ್ಚಳದ ಮೇಲೆ ಚೀಟಿ ಅಂಟಿಸಿ ತಿಂಡಿಗಳ ಹೆಸರು, ಮಾಡಿದ ದಿನ, ಮೊದಲು ತಿನ್ನಬೇಕಾದದ್ದು ಯಾವುದು, ಮೊಟ್ಟೆ ಹಾಗೂ ಗೋಡಂಬಿ ಯಾವುದರಲ್ಲಿದೆ ಎಂಬುದನ್ನು ಬರೆಯಿರಿ.

7. ದೂರದ ಊರಿನ ಡಬ್ಬಿ

ಬೆಂಗಳೂರು, ಮುಂಬೈಯ ಡಬ್ಬಿಗಳು ಡಿಸೆಂಬರ್ 15ರೊಳಗೆ ಹೊರಡಲಿ. ಆಮೇಲೆ ಹಬ್ಬದ ದಟ್ಟಣೆ. ಅಂಚೆ, ಕೊರಿಯರ್ ಅಲ್ಲದೆ ಖಾಸಗಿ ಬಸ್ಸುಗಳ ಪಾರ್ಸೆಲ್, ರಾಜ್ಯದೊಳಗೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಕೂಡ ಇದೆ. ರೋಸ್ ಕುಕೀಸ್ ಬಿಟ್ಟು ತುಕ್ಡಿ, ಕಿಡಿಯೊ, ಲಾಡು, ಕೊಬ್ಬರಿ ನೆವ್ರಿ ಮಾತ್ರ ತುಂಬಿ. ಡಬ್ಬಿಯಲ್ಲಿ ಖಾಲಿ ಜಾಗ ಉಳಿದರೆ ಕಾಗದ ತುರುಕಿ, ಅಲ್ಲಾಡಿಸಿದರೆ ಸದ್ದು ಬರಬಾರದು.

ಗಲ್ಫ್‌ಗೆ ಹೋಗುವವರ ಕೈಯಲ್ಲಿ ಕಳಿಸುವಾಗ ಎರಡು ಎಚ್ಚರಿಕೆ. ಒಂದು, ಗಸಗಸೆ. ಕೆಲವು ಮನೆಗಳಲ್ಲಿ ನೆವ್ರಿಯ ಹೂರಣಕ್ಕೆ ಗಸಗಸೆ ಹಾಕುತ್ತಾರೆ. ಯುಎಇ, ಸೌದಿ ಅರೇಬಿಯಾದಲ್ಲಿ ಅದು ನಿಷಿದ್ಧ ವಸ್ತು, ಸಿಕ್ಕಿಬಿದ್ದರೆ ಒಯ್ದವರಿಗೆ ಜೈಲಾಗಬಹುದು. ಅದರ ಬದಲು ಎಳ್ಳು ಹಾಕಿ. ಎರಡು, ರಮ್ ಸೇರಿದ ಕೇಕ್ ಬೇಡವೇ ಬೇಡ. ಇನ್ನೊಬ್ಬರ ಚೀಲದಲ್ಲಿ ಕಳಿಸುವಾಗ ಒಳಗೆ ಏನೇನಿದೆ ಎಂದು ಅವರಿಗೆ ಡಬ್ಬಿ ತೆರೆದು ತೋರಿಸುವುದು ಮರ್ಯಾದೆ ಮಾತ್ರವಲ್ಲ, ರಕ್ಷಣೆಯೂ ಹೌದು.

8. ಕೊಡುವುದು, ಮರಳಿಸುವುದು

ನೆರೆಯವರಿಗೆ 23, 24ರಂದು ಕೊಡುವುದು ವಾಡಿಕೆ. ಅಷ್ಟರಲ್ಲಿ ಮುಗಿಯದಿದ್ದರೆ ಗಾಬರಿ ಬೇಡ, ಹೊಸ ವರ್ಷದವರೆಗೂ ಕುಸ್ವಾರ್ ಓಡಾಡುತ್ತಲೇ ಇರುತ್ತದೆ. ಯೇಸು ಜನನದ ಗೋದಲಿ ನೋಡಲು ಮನೆಗೆ ಬಂದ ಮಕ್ಕಳ ಕೈಯಲ್ಲೂ ಒಂದೊಂದು ಪೊಟ್ಟಣ ಕೊಡಬಹುದು. ಮನೆಗೆಲಸದವರು, ಹಾಲು ಹಾಕುವವರು, ಅಪಾರ್ಟ್‌ಮೆಂಟಿನ ಕಾವಲಿನವರಿಗೂ ನೆಂಟರಿಗೆ ಕೊಟ್ಟಂಥದ್ದೇ ಡಬ್ಬಿ ಹೋಗಲಿ, ಮುರಿದ ಚೂರು ಆರಿಸಿ ತುಂಬಿದ್ದಲ್ಲ.

ಡಬ್ಬಿ ಪಡೆದವರಿಗೂ ಒಂದು ಕೆಲಸವಿದೆ. ಖಾಲಿ ಪಾತ್ರೆ ಮರಳಿಸಬಾರದು ಎನ್ನುವುದು ನಮ್ಮ ಎಲ್ಲ ಮನೆಗಳ ರೂಢಿ. ಅದೇ ದಿನ ಏನಾದರೂ ಮಾಡಿಕೊಡಬೇಕೆಂದಿಲ್ಲ. ಎರಡು ಬಾಳೆಹಣ್ಣು, ಒಂದು ಹಿಡಿ ಸಕ್ಕರೆ ಸಾಕು. ಸಂಕ್ರಾಂತಿ ಹತ್ತಿರವೇ ಇರುವುದರಿಂದ ಎಳ್ಳುಬೆಲ್ಲ ತುಂಬಿ ಕೊಡುವವರೂ ಇದ್ದಾರೆ.

9. ಕೊಂಡು ಕೊಡುವವರಿಗೆ

ಪುರುಸೊತ್ತಿಲ್ಲದವರಿಗೆ ಮಂಗಳೂರಿನ ಬೇಕರಿಗಳಲ್ಲಿ ಡಿಸೆಂಬರ್ ಪೂರ್ತಿ ಸಿದ್ಧ ಕುಸ್ವಾರ್ ಸಿಗುತ್ತದೆ. ಮನೆಯಲ್ಲೇ ಮಾಡಿ ಮಾರುವ ಹೆಂಗಸರೂ ಬಹಳ. ಅವರಿಗೆ ತಿಂಗಳ ಮೊದಲ ವಾರವೇ ಹೇಳಿಡಿ. ಕರಿದ ದಿನ ಯಾವುದು, ಯಾವ ಎಣ್ಣೆ, ಮೊಟ್ಟೆ ಇದೆಯೇ ಎಂದು ಕೇಳಲು ಸಂಕೋಚ ಬೇಡ. ನೀವೇ ಮಾರಾಟಕ್ಕೆ ಇಳಿಯುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಮನೆಯಲ್ಲಿ ಮಾಡಿ ನೆಂಟರಿಷ್ಟರಿಗೆ ಹಂಚುವುದಕ್ಕೆ ಅದರ ಅಗತ್ಯವಿಲ್ಲ.

ಹಬ್ಬ ಮುಗಿದ ವಾರ ಆ ನೋಟ್‌ಬುಕ್ಕನ್ನು ಮತ್ತೊಮ್ಮೆ ತೆಗೆಯಿರಿ. ಯಾವುದು ಸಾಲದೆ ಹೋಯಿತು, ಯಾವುದು ಮಿಕ್ಕಿತು, ಯಾವ ಮನೆಯ ಮಕ್ಕಳು ಏನನ್ನು ಮೊದಲು ಖಾಲಿ ಮಾಡಿದರು, ಈ ವರ್ಷ ಹೊಸದಾಗಿ ಪರಿಚಯವಾದವರು ಯಾರು ಎಂದು ಬರೆದಿಡಿ. ಮುಂದಿನ ನವೆಂಬರಿನಲ್ಲಿ ಪಟ್ಟಿಯ ಕೆಲಸ ಅರ್ಧ ಮುಗಿದೇ ಇರುತ್ತದೆ.