ಮೇಘದಲ್ಲಿಟ್ಟ ಠೇವಣಿ

ಕನ್ನಡದ ‘ಠೇವಣಿ’ ಎಂಬ ಪದವು ಮರಾಠಿಯ ‘ಠೇವಣೆ’, ಎಂದರೆ ಇಡುವುದು, ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದುದು. ವಸ್ತು ನಮ್ಮದು, ವಶ ಇನ್ನೊಬ್ಬರದು. ಇದೇ ಠೇವಣಿಯ ಲಕ್ಷಣ. ಕ್ಲೌಡ್ ವ್ಯವಸ್ಥೆಯನ್ನು ಅರಿಯಲು ‘ಮೇಘ’ಕ್ಕಿಂತ ಈ ಪದವೇ ಹೆಚ್ಚು ನೆರವಾಗುತ್ತದೆ. ನಾವು ಗೂಗಲ್ ಡ್ರೈವ್‌ನಲ್ಲೋ ಐಕ್ಲೌಡ್‌ನಲ್ಲೋ ಇರಿಸುವ ಅಂಕಪಟ್ಟಿ, ಆಧಾರ್ ಪ್ರತಿ, ಭಾವಚಿತ್ರಗಳು ದೂರದ ಕಟ್ಟಡವೊಂದರ ಗಣಕಯಂತ್ರಗಳಲ್ಲಿರುತ್ತವೆ. ಅಲ್ಲಿ ಅವು ಸುರಕ್ಷಿತವೇ? ಈ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ.

ಮೊದಲನೆಯದು, ಪರರು ತೆರೆಯಬಲ್ಲರೇ ಎಂಬುದು. 2014ರಲ್ಲಿ ಹಾಲಿವುಡ್‌ನ ಹಲವು ನಟಿಯರ ಖಾಸಗಿ ಚಿತ್ರಗಳು ಐಕ್ಲೌಡ್ ಖಾತೆಗಳಿಂದ ಕಳುವಾದವು. ಸಂಸ್ಥೆಯದೇ ಹೆಸರಿನಲ್ಲಿ ಸುಳ್ಳು ಮಿಂಚಂಚೆ ಕಳುಹಿಸಿ ಪಾಸ್‌ವರ್ಡ್ ಪಡೆದುದು ಮುಂದೆ ನ್ಯಾಯಾಲಯದಲ್ಲಿ ತಿಳಿದುಬಂದಿತು. ಗೋಡೆ ಒಡೆದಿರಲಿಲ್ಲ, ಕೀಲಿಕೈ ಕೈತಪ್ಪಿತ್ತು. ಆದ್ದರಿಂದ ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇರಬೇಕು. ಅದರ ಜೊತೆಗೆ ಎರಡನೆಯ ಹಂತದ ಪರಿಶೀಲನೆಯೂ ಇರಬೇಕು.

ಎರಡನೆಯದು, ಇಟ್ಟುದು ನಾಶವಾದರೇನು ಎಂಬುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್‌ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಸುಟ್ಟುಹೋಯಿತು. ಬೇರೆಡೆ ಪ್ರತಿ ಇರಿಸದಿದ್ದ ಗ್ರಾಹಕರು ತಮ್ಮ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು. ಮುಖ್ಯವಾದುದರ ಇನ್ನೊಂದು ಪ್ರತಿಯು ನಮ್ಮ ಬಳಿಯೇ ಇರಬೇಕೆಂಬುದು ಇದರ ಪಾಠ.

ಮೂರನೆಯದು, ವಶದಲ್ಲಿಟ್ಟುಕೊಂಡವರೇ ಓದಬಲ್ಲರೇ ಎಂಬುದು. ಬಹುತೇಕ ಸೇವೆಗಳು ದತ್ತಾಂಶವನ್ನು ಗೂಢಲಿಪಿಗೆ ಪರಿವರ್ತಿಸಿ ಇಡುತ್ತವೆ. ಆದರೆ ಅದನ್ನು ಬಿಡಿಸುವ ಕೀಲಿಯು ಸಾಮಾನ್ಯವಾಗಿ ಸಂಸ್ಥೆಯ ಬಳಿಯೂ ಇರುತ್ತದೆ. ಕೀಲಿಯು ಬಳಕೆದಾರನಲ್ಲಿ ಮಾತ್ರ ಇರುವ ವಿಧಾನವೂ ಉಂಟು. ಅಲ್ಲಿ ಕೀಲಿ ಕಳೆದರೆ ತೆರೆದುಕೊಡುವವರು ಯಾರೂ ಇಲ್ಲ.

ಕಾನೂನಿನ ಆಸರೆಯೂ ಇದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ಆದರೆ ಕಾನೂನು ಹಾನಿಗೆ ಪರಿಹಾರದ ದಾರಿ ತೋರೀತು. ಹೊರಬಿದ್ದ ಗುಟ್ಟನ್ನು ಮರಳಿ ತಾರದು.

ಕನ್ನಡ ವಿದ್ಯಾರ್ಥಿಗಳ ಹೊಣೆ ಇನ್ನೂ ಒಂದು ತೂಕ ಹೆಚ್ಚು. ಕ್ಷೇತ್ರಕಾರ್ಯದಲ್ಲಿ ಬೀಸುವ ಪದ ಹಾಡಿದ ತಾಯಂದಿರ ಧ್ವನಿ, ಹೆಸರು, ಊರು, ಬಾಳಿನ ಕಷ್ಟಸುಖಗಳ ಮಾತು ನಮ್ಮ ಫೋನಿನಿಂದ ತಾನಾಗಿಯೇ ಕ್ಲೌಡ್ ಸೇರುತ್ತವೆ. ಅದು ನಮ್ಮ ವಶದಲ್ಲಿರುವ ಅವರ ಠೇವಣಿ. ಧ್ವನಿಮುದ್ರಿಸುವ ಮುನ್ನ ಅದನ್ನು ಎಲ್ಲಿ ಇಡುವೆವು, ಯಾರು ಕೇಳಬಲ್ಲರು ಎಂಬುದನ್ನು ಅವರ ಮಾತಿನಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯಿರಿ. ಹಾಡನ್ನು ಒಂದು ಕಡತದಲ್ಲಿಯೂ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಇನ್ನೊಂದರಲ್ಲಿಯೂ ಇರಿಸಿರಿ. ‘ಕೊಂಡಿ ಇರುವವರೆಲ್ಲರೂ ನೋಡಬಹುದು’ ಎಂಬ ಅನುಮತಿಯನ್ನು ಇಂದೇ ಪರಿಶೀಲಿಸಿ, ಬೇಡವಾದಲ್ಲಿ ಮುಚ್ಚಿರಿ.