ರಕ್ತನಾಳ ಬರೀ ಪೈಪ್ ಅಲ್ಲ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ‘ಶುಗರ್’ ಅಂದ್ರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಇನ್ಸುಲಿನ್ ಎಲ್ಲಿ ತಯಾರಾಗಿ ರಕ್ತಕ್ಕೆ ಹೇಗೆ ಸೇರುತ್ತೆ ಅಂತ ಕೇಳಿದ್ರೆ ಬಹಳ ಜನ ಸುಮ್ಮನಾಗ್ತೀವಿ.

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರೊಳಗೆ ಸುಮಾರು 10 ಲಕ್ಷ ಪುಟ್ಟ ಕೋಶಗುಂಪುಗಳು. 1869ರಲ್ಲಿ ಇವನ್ನು ಮೊದಲು ವಿವರಿಸಿದವನು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್, ಆಗ 21 ವರ್ಷದ ವಿದ್ಯಾರ್ಥಿ! ಹಾಗಾಗಿ ಇವು ‘ಲ್ಯಾಂಗರ್‌ಹಾನ್ಸ್ ದ್ವೀಪಗಳು’. ಗ್ರಂಥಿಯಲ್ಲಿ ಇವುಗಳ ಪಾಲು 1–2% ಮಾತ್ರ. ಆದರೆ ಗ್ರಂಥಿಗೆ ಬರುವ ರಕ್ತದಲ್ಲಿ ಸುಮಾರು 10% ಇವಕ್ಕೇ ಬೇಕು.

ಯಾಕೆ? ಇಲ್ಲಿನ ಬೀಟಾ ಕೋಶ ಸೆನ್ಸರೂ ಹೌದು, ಪಂಪೂ ಹೌದು. ರಕ್ತದಲ್ಲಿ ಗ್ಲೂಕೋಸ್ ಏರಿದ್ದನ್ನು ಗುರುತಿಸಿ ಇನ್ಸುಲಿನ್ ಬಿಡಬೇಕು. ರಕ್ತ ತಡವಾಗಿ ತಲುಪಿದರೆ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಫೀಡ್‌ಬ್ಯಾಕ್ ಲೂಪ್‌ನಲ್ಲೇ ಡಿಲೇ.

ಅದಕ್ಕೆ ಬೀಟಾ ಕೋಶ ವಿಇಜಿಎಫ್ ಎಂಬ ಪ್ರೋಟೀನ್ ಬಿಟ್ಟು ರಕ್ತನಾಳಗಳನ್ನು ತನ್ನ ಹತ್ತಿರ ಕರೆಸಿಕೊಳ್ಳುತ್ತೆ. ಬಂದ ಸಣ್ಣ ನಾಳಗಳ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಇನ್ಸುಲಿನ್ ಬೇಗ ದಾಟಲಿ ಅಂತ. ನಾಳವೂ ಋಣ ತೀರಿಸುತ್ತೆ. ಬೀಟಾ ಕೋಶ ತಾನೇ ಕಟ್ಟಿಕೊಳ್ಳಲಾರದ ತಳಪೊರೆಯನ್ನು ಅದು ಕಟ್ಟಿಕೊಡುತ್ತೆ. ಆ ಆಸರೆ ಇದ್ದರೆ ಇನ್ಸುಲಿನ್ ತಯಾರಿಕೆ ಚುರುಕು.

ಮುಂದಿನ ದಾರಿಗೆ ನಮ್ಮ ನದಿಯನ್ನೇ ನೋಡ್ರಿ. ಆಳಂದದ ಅಮರ್ಜಾ ಅಫಜಲಪುರದ ಗಾಣಗಾಪುರದಲ್ಲಿ ಭೀಮೆಗೆ ಸೇರಿ, ಆಮೇಲೆ ಜೇವರ್ಗಿ ಕಡೆ ಹರೀತಾಳೆ. ಇನ್ಸುಲಿನ್ ಕೂಡ ಹಾಗೇ ಸಣ್ಣ ನಾಳಗಳಿಂದ ಪೋರ್ಟಲ್ ಸಿರೆಗೆ ಸೇರಿ ಮೊದಲು ಯಕೃತ್ತಿಗೆ ಹೋಗುತ್ತೆ. ಸುಮಾರು ಅರ್ಧ ಅಲ್ಲೇ ಖರ್ಚು. ಉಳಿದದ್ದು ಮೈಗೆಲ್ಲ.

ಈ ನಂಟು ಕಡಿದರೆ ಏನಾಗುತ್ತೆ? ಟೈಪ್ 1 ಮಧುಮೇಹದ ಕೆಲವರಿಗೆ ದಾನಿಯ ದ್ವೀಪಗಳನ್ನು ಬೇರ್ಪಡಿಸಿ ಪೋರ್ಟಲ್ ಸಿರೆಯ ಮೂಲಕ ಯಕೃತ್ತಿಗೆ ಬಿಡ್ತಾರೆ. ಬೇರ್ಪಡಿಸುವಾಗ ನಾಳಗಳು ಕಡಿದುಹೋಗಿರ್ತವೆ. ಹೊಸವು ಬೆಳೆಯಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಆಮ್ಲಜನಕ ಸಾಲದೆ ಎಷ್ಟೋ ಕೋಶಗಳು ಸಾಯುತ್ತವೆ. ಕೋಶ ಹಾಕಿದರೆ ಸಾಲದು, ನಾಳವನ್ನೂ ಕೊಡಬೇಕು. ಇದು ಡಾಕ್ಟರ್‌ಗಳಷ್ಟೇ ಎಂಜಿನಿಯರ್‌ಗಳ ಲೆಕ್ಕವೂ ಹೌದು.

ಹತೋಟಿ ತಪ್ಪಿದ ಶುಗರ್ ಕಣ್ಣು, ಮೂತ್ರಪಿಂಡಗಳ ಸಣ್ಣ ನಾಳಗಳನ್ನೂ ಕೆಡಿಸುತ್ತೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್ ತಪಾಸಣೆ ಉಚಿತ. ರಜೆಗೆ ಊರಿಗೆ ಹೋದಾಗ ಮನೆಯವರನ್ನು ಒಮ್ಮೆ ಕರ್ಕೊಂಡು ಹೋಗಿ.