ಮಾಡಿನ ತಗಡೂ ಮನೆಯ ಲೆಕ್ಕವೂ

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವು ಒಂದು ಶತಮಾನಕ್ಕೂ ಮಿಕ್ಕಿ ನಮ್ಮ ಮನೆಗಳನ್ನು ಕಾಪಾಡಿತಾದರೂ, ಮಂಗಗಳ ಹಾವಳಿಗೆ ವರ್ಷಂಪ್ರತಿ ಒಡೆಯುವ ಹೆಂಚು, ಗೆದ್ದಲು ಹಿಡಿಯುವ ಪಕಾಸಿ ರೀಪುಗಳು, ಸರಿಪಡಿಸಲು ದೊರೆಯದ ಆಳುಗಳು, ಇವೆಲ್ಲ ಸೇರಿ ಇಂದು ತೀರ್ಥಹಳ್ಳಿ ಸೀಮೆಯ ಗೃಹಸ್ಥರನ್ನು ಲೋಹದ ತಗಡಿನತ್ತ ತಿರುಗಿಸಿವೆ. ನಮ್ಮ ಮನೆಗೆ ತಗಡು ಹೊದಿಸುವಾಗ, ಬಂಧುಗಳನೇಕರು ದುಂದೆಂದು ಬಗೆದ, ನಾನು ಇಂದಿಗೂ ಸಮರ್ಥಿಸುವ ನಿರ್ಣಯವೊಂದನ್ನು ಕೈಗೊಂಡೆನು: ಚದರಡಿಗೆ 45 ರೂಪಾಯಿಯ 0.35 ಮಿ.ಮೀ. ಕಲರ್ ಶೀಟನ್ನು ಬಿಟ್ಟು, 65 ರೂಪಾಯಿಯ, ಎ.ಜೆಡ್. 150 ಎಂಬ ಅಲ್ಯೂಮಿನಿಯಂ-ಸತುವಿನ ಲೇಪನವುಳ್ಳ 0.50 ಮಿ.ಮೀ. ಗ್ಯಾಲ್ವಲ್ಯೂಮ್ ಶೀಟನ್ನು ಕೊಂಡೆನು.

ಮಾಡು 1,500 ಚದರಡಿ. ಆದಕಾರಣ ಅಂತರ 30,000 ರೂಪಾಯಿ. ಹೊದಿಸುವ ಕೂಲಿ ಚದರಡಿಗೆ 20. ಇದರಲ್ಲಿ ದಪ್ಪ ತೆಳುವೆಂಬ ಭೇದವಿಲ್ಲ. ಕೂಲಿ ಸೇರಿದರೆ ಅಗ್ಗದ ಮಾಡಿಗೆ 97,500, ಇನ್ನೊಂದಕ್ಕೆ 1,27,500. ನಮ್ಮ ಮಳೆಯಲ್ಲಿ ಮೊದಲನೆಯದು 10 ವರ್ಷ, ಎರಡನೆಯದು 20 ವರ್ಷ ಬಾಳುವುದೆಂದು ಎಣಿಸಿದರೆ, ವರ್ಷವೊಂದಕ್ಕೆ ಬೀಳುವ ಹೊರೆ ಕ್ರಮವಾಗಿ 9,750 ಮತ್ತು 6,375. ಉಳಿಸಿದ 30,000ವನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬಾರದೇ ಎಂದು ನಮ್ಮ ಭಾವನವರು ಕೇಳಿದರು. ಅದು ಯುಕ್ತವಾದ ಪ್ರಶ್ನೆ. ಶೇಕಡ 7ರ ಚಕ್ರಬಡ್ಡಿಯಲ್ಲಿ ಆ ಹಣ 10 ವರ್ಷಕ್ಕೆ ಸುಮಾರು 59,000 ಆಗುವುದು. ಆದರೆ ಆಗ ಮರಳಿ ಹೊದಿಸಲು, ಧಾರಣೆ ಕಿಂಚಿತ್ತೂ ಏರಲಿಲ್ಲವೆಂದೇ ಭಾವಿಸಿದರೂ, 97,500 ಬೇಕು. 38,500 ರೂಪಾಯಿಯ ಕೊರತೆಯನ್ನು ಯಾವ ಠೇವಣಿಯೂ ತುಂಬಿಕೊಡದು.

ಬಣ್ಣದ ಹೊಳಪನ್ನೇ ಮುಂದುಮಾಡಿ ಮಾರುವ ಹೆಸರಿಲ್ಲದ ಶೀಟುಗಳ ವಿಷಯದಲ್ಲಿ ನನಗೆ ತಾಳ್ಮೆಯಿಲ್ಲ. ಅಂಗಡಿಯೊಂದರಲ್ಲಿ 0.50 ಎಂದು ಹೇಳಿ ಕೊಟ್ಟ ಮಾದರಿಯಿಂದ ಚಪ್ಪಟೆಯಾದ ಒಂದಡಿ ಚೌಕದ ತುಂಡನ್ನು ಕತ್ತರಿಸಿ ತಕ್ಕಡಿಗಿಟ್ಟಾಗ ಅದು 280 ಗ್ರಾಂ ತೂಗಿತು. ಉಕ್ಕೇ 0.50 ಮಿ.ಮೀ. ಇದ್ದಿದ್ದರೆ ಸುಮಾರು 365 ಗ್ರಾಂ ತೂಗಬೇಕಿತ್ತು; ಬಣ್ಣವನ್ನೂ ಲೇಪನವನ್ನೂ ಕಳೆದರೆ ಅದರೊಳಗಿನ ಉಕ್ಕು 0.38ನ್ನು ಕೂಡ ಮುಟ್ಟದು. ಇಂತಹ ಸರಕಿಗೆ ಎಷ್ಟು ವರ್ಷದ ಗ್ಯಾರಂಟಿ ಚೀಟಿ ಅಂಟಿಸಿದರೇನು?

ಆದರೆ ನನ್ನ ಆಯ್ಕೆ ಎಲ್ಲೆಡೆಗೂ ಒಪ್ಪುವಂಥದಲ್ಲ: ಕರಾವಳಿಯ ಉಪ್ಪುಗಾಳಿಗೆ ಅಪ್ಪಟ ಅಲ್ಯೂಮಿನಿಯಂ ಶೀಟು ಮೇಲು. ಗಂಜಳದ ಆವಿಯೇಳುವ ಕೊಟ್ಟಿಗೆಗೆ ಗ್ಯಾಲ್ವಲ್ಯೂಮ್ ಸಲ್ಲದು.

ಎಷ್ಟೇ ಉತ್ತಮವಾದ ತಗಡಾದರೂ ಯಜಮಾನನ ಔದಾಸೀನ್ಯವನ್ನು ಸಹಿಸಲಾರದು. ಸ್ಕ್ರೂ ಕೊರೆಯುವಾಗ ಉದುರಿದ ಕಬ್ಬಿಣದ ಪುಡಿಯನ್ನು ಅಂದೇ ಸಂಜೆ ಗುಡಿಸದಿದ್ದರೆ, ಮೊದಲ ಮಳೆಗೇ ಪ್ರತಿಯೊಂದು ಕಣವೂ ಕೆಂಪು ಚುಕ್ಕೆಯಾಗಿ ಬಣ್ಣಕ್ಕೆ ಕಚ್ಚಿಕೊಳ್ಳುವುದು. ಸ್ಕ್ರೂವಿನಡಿಯ ರಬ್ಬರ್ ವಾಷರನ್ನು ಮಳೆಗಾಲಕ್ಕೆ ಮುನ್ನ ಪರೀಕ್ಷಿಸದಿದ್ದರೆ ಸೋರಿಕೆ ಅಲ್ಲಿಂದಲೇ ಮೊದಲಾಗುವುದು. ಅಡಕೆಯ ಧಾರಣೆಯನ್ನು ದಿನವೂ ವಿಚಾರಿಸಿ, ಮಂಡಿಯಲ್ಲಿ ಕಿಲೋ ಕಿಲೋ ಲೆಕ್ಕ ಕೇಳುವ ನಾವು, ಲಕ್ಷ ರೂಪಾಯಿಯ ಮಾಡನ್ನು ಬಣ್ಣ ನೋಡಿ ಆರಿಸುವುದು ವಿವೇಕವಲ್ಲ. ಉಕ್ಕಿನ ನಿಜವಾದ ದಪ್ಪವನ್ನೂ ಲೇಪನದ ಪ್ರಮಾಣವನ್ನೂ ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪದ ವರ್ತಕನಿಗೆ ಮುಂಗಡ ಕೊಡಬೇಡಿ.